ಹೋರಿ ಬೆದರಿಸಿದ ಸೈಲೆನ್ಸರ್

ಸೆಪ್ಟೆಂಬರ್ 7, ರವಿವಾರ

ನಾನು ಏನು ತಪ್ಪು ಮಾಡಿದೆ? ಯಾರಾದರೂ ಬಾಯಿ ಬಿಟ್ಟು ಹೇಳಲಿ ನೋಡೋಣ. ಹೇಳುವುದಿಲ್ಲ. ಅಪ್ಪ ನಿನ್ನೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ತಂಗಿ ನಿರ್ಮಲಾ ಗಂಗಾಳವನ್ನು ನನ್ನ ಮುಂದೆ ಕುಕ್ಕಿ ಹೋದಳು. ಅವ್ವ ಮಾತ್ರ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಂಚದ ಮೇಲೆ ಕೂತು, "ಲೋಕ್ಯಾ, ಇನ್ನೊಂದ ರೊಟ್ಟಿ ಹಾಕ್ಕೋ" ಅನ್ನುತ್ತಾಳೆ.

ಆದದ್ದು ಇಷ್ಟು. ನಿನ್ನೆ ಸಂಜೆ ಮುಂಡಗೋಡದಿಂದ ಬರುತ್ತಿದ್ದೆ. ನಮ್ಮೂರು ಪಾಳಾದೊಳಗೆ ಬರುವ ತಿರುವಿನಲ್ಲಿ ದಿನಾ ಮಾಡುವಂತೆ ಆ್ಯಕ್ಸಿಲರೇಟರ್ ತಿರುವಿ ಬಿಟ್ಟೆ. ನನ್ನ ಬುಲೆಟ್ಟಿನದು ಕಂಪನಿಯ ಸೈಲೆನ್ಸರ್ ಅಲ್ಲ, ಹುಬ್ಬಳ್ಳಿಯಿಂದ ತಂದು ಹಾಕಿಸಿದ್ದು. ಒಳಗೆ ಏನೂ ಇಲ್ಲ, ಬರೀ ಕೊಳವೆ. ತಿರುವಿದರೆ ಎದೆಯೊಳಗೆ ಗುಡುಗುತ್ತದೆ, ಬಿಟ್ಟರೆ ಪಟ್ ಪಟ್ ಎಂದು ಪಟಾಕಿ ಹಾರುತ್ತದೆ. ಅದೇ ಹೊತ್ತಿಗೆ ಅವ್ವ ಹೋರಿಗೆ ಕೆರೆಯಲ್ಲಿ ನೀರು ಕುಡಿಸಿ ಹಿಡಿದುಕೊಂಡು ಬರುತ್ತಿದ್ದಳು. ಹೋರಿ ಕಿತ್ತುಕೊಂಡು ಓಡಿತು. ಹಗ್ಗ ಅವ್ವನ ಕೈಗೆ ಸುತ್ತಿತ್ತು. ಗುಡಿಯ ಕಟ್ಟೆಯ ತನಕ ಅವಳನ್ನು ಎಳೆದುಕೊಂಡು ಹೋಯಿತು.

ಹಗ್ಗ ಕೈಗೆ ಸುತ್ತಿಕೊಳ್ಳಬೇಡ ಎಂದು ಎಷ್ಟು ಸಲ ಹೇಳಿದ್ದೇನೆ! ಅದನ್ನು ಯಾರೂ ಎತ್ತುವುದಿಲ್ಲ. ಎಲ್ಲರ ಕಣ್ಣಿಗೂ ನನ್ನ ಸೈಲೆನ್ಸರೇ ಬೀಳುತ್ತದೆ. ಈ ಡೈರಿ ಇಟ್ಟದ್ದು ಹೋರಿಯ ತಾಲೀಮು ಬರೆಯಲು. ಇವತ್ತು ಸಿಟ್ಟು ಬರೆದಿದ್ದೇನೆ, ಬರೆದರೂ ಇಳಿದಿಲ್ಲ.

ಸೆಪ್ಟೆಂಬರ್ 8, ಸೋಮವಾರ

ಅಪ್ಪ ಕೊನೆಗೂ ಮಾತಾಡಿದ. ಮಾತಾಡದಿದ್ದರೇ ಚೆನ್ನಾಗಿತ್ತು.

"ಹಾನಗಲ್ಲ ಕಡೀಂದ ಉದಯಕುಮಾರ ಅನ್ನಾವ್ರು ಹೋರಿ ಕೇಳ್ಯಾರ. ದೀಪಾವಳಿ ಮುಂಚಿನ ರವಿವಾರ ನೋಡಾಕ ಬರ್ತಾರ. ಅವತ್ತ ನಿಮ್ಮವ್ವ ಹಗ್ಗ ಹಿಡ್ಕೊಂಡು ಕೆರಿ ದಾರ್‍ಯಾಗ ಹೋಗಬೇಕು. ನೀ ಬಾಜೂಕ ಗಾಡಿ ಮ್ಯಾಲ ದಾಟಬೇಕು. ಹೋರಿ ಸುಮ್ಮ ನಿಂತ್ರ ಮನ್ಯಾಗ ಇರತೈತಿ. ಓಡಿದ್ರ ಅವರ ಕೂಡ ಹೋಗತೈತಿ. ಇದ ಕಡೀ ಮಾತು."

"ನಾ ಗಾಡಿನ ಮನೀಕಡೆ ತರೂದಿಲ್ಲ ಬಿಡು" ಎಂದೆ.

"ಊರಾಗ ನಿಂದೊಂದ ಐತೇನೋ ಗಾಡಿ? ನಾಳೆ ಇನ್ನೊಬ್ಬ ಮಗಾ ತಿರುವ್ತಾನ, ಅವತ್ತ ನಿಮ್ಮವ್ವನ ಕೈಯಲ್ಲ, ಜೀವಾನ ಹೋಗತೈತಿ."

ಓಡುವುದನ್ನು ಕಲಿಸಿದವರು ನಾವೇ, ನಿಜ. ದೀಪಾವಳಿ ಪಾಡ್ಯದಿಂದ ಹೋರಿ ಬೆದರಿಸುವ ಹಬ್ಬ ಶುರು. ಕೊರಳಿಗೆ ಕೊಬ್ಬರಿ ಹಾರ ಕಟ್ಟಿ ಹೋರಿಯನ್ನು ಜನರ ನಡುವೆ ಬಿಡುತ್ತಾರೆ, ಹಾರ ಹರಿಯಲು ಹುಡುಗರು ಮೈಮೇಲೆ ಬೀಳುತ್ತಾರೆ, ಯಾರ ಕೈಗೂ ಸಿಗದೆ ದಾಟಿದ ಹೋರಿಗೇ ಹೆಸರು. ಬೇಸಿಗೆಯಿಂದ ನಾನೂ ಗೆಳೆಯ ಸಿದ್ದಲಿಂಗನೂ ಅದರ ಬೆನ್ನ ಹಿಂದೆ ಗಾಡಿ ನಿಲ್ಲಿಸಿ ತಿರುವುತ್ತ ಬಂದೆವು. ಬೇರೆ ಊರಿನವರು ಪಟಾಕಿ ಹಚ್ಚುತ್ತಾರೆ, ನಮ್ಮದು ಅದಕ್ಕಿಂತ ಮೇಲು ಎಂದು ಹೆಮ್ಮೆ ಪಟ್ಟೆವು. ಸಪ್ಪಳ ಬಂದರೆ ಓಡು, ಇಷ್ಟೇ ಪಾಠ. ಹೋರಿ ಚೆನ್ನಾಗಿ ಕಲಿಯಿತು. ಈಗ ಕಲಿತದ್ದೇ ತಪ್ಪಂತೆ!

ನಾವು ಇಟ್ಟ ಹೆಸರು 'ಪಾಳಾ ಗುಡುಗು'. ಅವ್ವ ಮಾತ್ರ ಅದನ್ನು ಮುತ್ತ ಅನ್ನುತ್ತಾಳೆ. ತಾಯಿ ಸತ್ತ ಕರು, ಅವ್ವ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. ಅಪ್ಪನ ಮಾತು ಕೇಳಿ ಅವಳು ಎಡಗೈಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಹೋರಿ ಹೋದರೆ ಅವಳು ನೆಟ್ಟಗೆ ಉಣ್ಣುವುದಿಲ್ಲ, ನನಗೆ ಗೊತ್ತು.

ಸೆಪ್ಟೆಂಬರ್ 11, ಗುರುವಾರ

ಬೆಳಿಗ್ಗೆ ಗಾಡಿ ಶುರು ಮಾಡಿದೆ. ಹಿತ್ತಲಲ್ಲಿ ಗುಡುಗು ಗೂಟ ಕಿತ್ತಿತು. ಅಡುಗೆಮನೆಯಲ್ಲಿ ಚಹಾದ ಕಪ್ಪು ಬಿತ್ತು. ಅವ್ವನಿಗೆ ಎಡಗೈ ರೂಢಿ ಇಲ್ಲ, ಪಾಪ.

ಸಿದ್ದಲಿಂಗ ಫೋನ್ ಮಾಡಿ, "ಗೂಟ ಕಿತ್ತತಂತ? ಮಸ್ತ್ ಆತಲ್ಲೋ, ಈ ವರ್ಷ ನಮ್ಮನ್ನ ಹಿಡಿಯೋರಿಲ್ಲ" ಎಂದು ನಕ್ಕ. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ ನಗು ಬರಲಿಲ್ಲ.

ಸೆಪ್ಟೆಂಬರ್ 16, ಮಂಗಳವಾರ

ಮುಂಡಗೋಡಕ್ಕೆ ಹೋಗಿ ಇಮ್ರಾನ ಸಿದ್ದಿಯ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದೆ. ಈ ಸೈಲೆನ್ಸರ್ ಹಾಕಿಕೊಟ್ಟವನು ಅವನೇ. ಕೈ ಒರೆಸಿಕೊಳ್ಳುತ್ತ ಬಂದ.

"ಬಾರೋ ರಾಜಾ. ನೀ ಪಾಳಾ ಬಿಟ್ಟಾಗಲೇ ನಾ ಇಲ್ಲಿ ಪಾನಾ ಹಿಡ್ಕೊಂಡು ನಿಂತೀನಿ."

"ಸಪ್ಪಳ ಕಡಿಮಿ ಮಾಡಬೇಕು" ಎಂದೆ.

ಅವನು ನನ್ನ ಹಣೆ ಮುಟ್ಟಿ ನೋಡಿದ, ಜ್ವರ ಬಂದಿದೆಯೋ ಎಂದು. ಅವ್ವನ ಸುದ್ದಿ ಹೇಳಿದ ಮೇಲೆ ಚೇಷ್ಟೆ ಬಿಟ್ಟ. "ನಿನ್ನ ಕಂಪನಿ ಸೈಲೆನ್ಸರ್ ಹಿಂದ ತೂಗಹಾಕೀನಿ. ಹಾಕಿಬಿಡ್ಲೇನು?"

"ಬ್ಯಾಡ. ಇದ ಇರಲಿ. ಸಪ್ಪಳ ಅಷ್ಟ ಇಳಸು."

"ಹುಲಿ ಬೇಕು, ಗರ್ಜನಿ ಬ್ಯಾಡ ಅಂತೀಯಲ್ಲೋ ಯಾರ್!"

ಆದರೂ ಮಾಡಿಕೊಟ್ಟ. ಸೈಲೆನ್ಸರಿನ ಬಾಯೊಳಗೆ ಸಣ್ಣ ತೂತಿನ ತುಂಡು ಕೊಳವೆ ತುರುಕಿದ, ಸುತ್ತ ಗಾಜಿನ ಎಳೆಯ ಹತ್ತಿ ತುಂಬಿದ. ಹಿಡಿದುಕೊಡಲು ಹೋಗಿ ನಾನು ಅದನ್ನು ಮುಟ್ಟಿದೆ. ಬರೆಯುವಾಗಲೂ ಅಂಗೈ ತುರಿಸುತ್ತಿದೆ.

ಸೆಪ್ಟೆಂಬರ್ 18, ಗುರುವಾರ

ಸಪ್ಪಳ ಅರ್ಧಕ್ಕರ್ಧ ಇಳಿದಿದೆ. ತಿರುವಿನಲ್ಲಿ ಬರುವಾಗ ಕಟ್ಟೆಯ ಮೇಲಿನ ಹುಡುಗರು ತಿರುಗಿಯೂ ನೋಡಲಿಲ್ಲ. ಥೂ, ಗಾಡಿ ನನ್ನದಲ್ಲ ಅನ್ನಿಸಿತು.

ಇರಲಿ, ಹೋರಿಗಾಗಿ ಎಂದುಕೊಂಡು ಹಿತ್ತಲಿಗೆ ತಂದು ಮೆಲ್ಲಗೆ ತಿರುವಿ ಬಿಟ್ಟೆ. ಬಿಟ್ಟಾಗ ಪಟ್ ಎನ್ನುವುದು ಮಾತ್ರ ಹಾಗೇ ಉಳಿದಿದೆ. ಗುಡುಗು ಹಿಂಗಾಲ ಮೇಲೆ ಎದ್ದು ಮೇವಿನ ಗ್ವಾದಲಿಯ ಹಲಗೆಯನ್ನೇ ಮುರಿಯಿತು. ಅಪ್ಪ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದ.

ಅವ್ವ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. "ಹಾಲ ಉಕ್ಕತೈತಿ" ಎಂದು ದಡಬಡ ಎದ್ದು ಒಳಗೆ ಹೋದಳು.

"ಒಲಿ ಮ್ಯಾಲ ಹಾಲ ಎಲ್ಲೈತಿ ಅಣ್ಣಾ?" ಎಂದಳು ನಿರ್ಮಲಾ, ನನ್ನ ಮುಖವನ್ನೇ ನೋಡುತ್ತ. ಪೆಟ್ಟಾದಾಗಿನಿಂದ ಅವ್ವನಿಗೆ ಮರೆವು ಬಂದಿದೆ. ಡಾಕ್ಟರಿಗೆ ಕೇಳಬೇಕು.

ಸೆಪ್ಟೆಂಬರ್ 23, ಮಂಗಳವಾರ

ಅವ್ವನ ಕೈ ಹೀಗಾದ ಮೇಲೆ ಸಗಣಿ, ಮೇವು, ನೀರು ಎಲ್ಲ ನನ್ನ ಪಾಲಿಗೆ ಬಂದಿದೆ. ಹೋರಿಯ ಜೊತೆ ಇಷ್ಟು ಹೊತ್ತು ನಾನು ಯಾವತ್ತೂ ಕಳೆದಿರಲಿಲ್ಲ. ಓಡಿಸಲು ಮಾತ್ರ ಹೋಗುತ್ತಿದ್ದೆ.

ಇವತ್ತು ಅದರ ಮೈ ತಿಕ್ಕುತ್ತಿದ್ದೆ. ಕಣ್ಣು ಅರ್ಧ ಮುಚ್ಚಿ ನಿಂತಿತ್ತು. ಜೇಬಿನಿಂದ ಗಾಡಿಯ ಕೀಲಿ ಜಾರಿ ಕಲ್ಲಿನ ಮೇಲೆ ಬಿತ್ತು. ಅಷ್ಟಕ್ಕೇ ಅದರ ಚರ್ಮ ಬೆನ್ನಿನಿಂದ ಹೊಟ್ಟೆಯ ತನಕ ಜುಮ್ಮೆಂದು ನಡುಗಿತು. ಬರೀ ಕೀಲಿ! ಅದರ ಕುತ್ತಿಗೆಯ ಮೇಲೆ ಕೈಯಿಟ್ಟೆ. ಒಳಗೆ ಎದೆ ಹೊಡೆದುಕೊಳ್ಳುವುದು ಅಂಗೈಗೆ ತಿಳಿಯುತ್ತಿತ್ತು. ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಬೇಸಿಗೆಯಲ್ಲಿ ಅದು ಓಡುವಾಗ ನಾವು ಕೇಕೆ ಹಾಕುತ್ತಿದ್ದೆವು. ಅದಕ್ಕೆ ಉಮೇದು ಬಂದಿದೆ ಎಂದುಕೊಂಡಿದ್ದೆ.

ಸೆಪ್ಟೆಂಬರ್ 25, ಗುರುವಾರ

ಕಂಪನಿ ಸೈಲೆನ್ಸರನ್ನೇ ಹಾಕಿಸಿದೆ. ಇಮ್ರಾನ ಏನೂ ಆಡಿಕೊಳ್ಳಲಿಲ್ಲ, ಅದೇ ದೊಡ್ಡ ಉಪಕಾರ. ಹಾಕಿದ ಮೇಲೂ ಎಲ್ಲೋ ಪಟ್ ಎನ್ನುತ್ತಿತ್ತು. ಎಂಜಿನ್ನಿಗೆ ಕೊಳವೆ ಸೇರುವ ಕಡೆ ಕೈಯಾಡಿಸಿ, "ಇಲ್ಲಿ ಗಾಳಿ ಸೋರತೈತಿ ನೋಡು" ಎಂದ. ಹೊಸ ವಾಶರ್ ಹಾಕಿ ಬಿಗಿದ. ಪಟ್ ನಿಂತಿತು.

"ಇದನ್ನೇನು ಮಾಡ್ಲಿ?" ಎಂದು ಕಳಚಿದ ಸೈಲೆನ್ಸರ್ ಎತ್ತಿ ಹಿಡಿದ.

"ಏನರ ಮಾಡು."

"ನಮ್ಮಮ್ಮಗ ಕೊಡ್ತೀನಿ. ಒಲಿ ಊದಾಕ ಬರತೈತಿ."

ಬರುವಾಗ ದಾರಿಯುದ್ದ ಬೇಜಾರು. ಚೈನು ಕಿರ್ ಎನ್ನುತ್ತದೆ, ಎಣ್ಣೆ ಹಾಕಬೇಕು. ಗದ್ದೆಯಲ್ಲಿ ಕಪ್ಪೆ ಒದರುತ್ತಿದ್ದವು. ದಾರಿಬದಿಯಲ್ಲಿ ನಡೆಯುತ್ತಿದ್ದ ಮುದುಕಿಯೊಬ್ಬಳು "ಯಾವೂರಪ್ಪಾ?" ಎಂದು ಕೇಳಿದ್ದು ಕೂಡ ಕೇಳಿಸಿತು. ಗಾಡಿ ನಿಲ್ಲಿಸಿ ಹೇಳಿದೆ. ನಮ್ಮೂರಿಗೇ ಹೊರಟಿದ್ದಳಂತೆ, ಹತ್ತಿಸಿಕೊಂಡು ಬಂದೆ.

ಮನೆಗೆ ಬಂದರೆ ನಾನು ಬಂದದ್ದೇ ಯಾರಿಗೂ ಗೊತ್ತಾಗಲಿಲ್ಲ. ಹಿಂದಿನಿಂದ "ಅವ್ವಾ" ಎಂದರೆ ಅವಳು ಬೆಚ್ಚಿಬಿದ್ದು, "ಗಾಡಿ ಎಲ್ಲಿ ಬಿಟ್ಟು ಬಂದ್ಯೋ?" ಎಂದಳು.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಅಪ್ಪ ನೇಗಿಲ ಕುಡ, ಕುಡಗೋಲು ತೊಳೆದಿಟ್ಟ. ನಾನು ಗಾಡಿ ತೊಳೆದು ನಿಲ್ಲಿಸಿದೆ. ವಿಭೂತಿ ಹಚ್ಚುವುದು ಪ್ರತಿ ವರ್ಷ ಅವ್ವನ ಕೆಲಸ. ಎಡಗೈಯಲ್ಲಿ ಹಚ್ಚಿದಳು, ಮೂರೂ ಗೆರೆ ಸೊಟ್ಟ. "ಅಂಜಬ್ಯಾಡವ್ವಾ, ಬಂದ್ ಐತಿ" ಎಂದು ಚೇಷ್ಟೆ ಮಾಡಿದೆ. ಅವಳು ನಗಲಿಲ್ಲ.

ಅಕ್ಟೋಬರ್ 2, ಗುರುವಾರ

ಸಿದ್ದಲಿಂಗ ಬನ್ನಿ ಕೊಡಲು ಬಂದ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಕೈಗೆ ಎಲೆ ಇಟ್ಟು, ಅದೇ ಉಸಿರಿನಲ್ಲಿ ಜಗಳ ತೆಗೆದ.

"ಸೈಲೆನ್ಸರ್ ತೆಗಿಸಿದ್ಯಂತ? ಹೋರಿ ಮೆತ್ತಗ ಮಾಡಾಕ ಹತ್ತೀಯಂತ? ಪಾಡ್ಯ ಎದರಿಗೆ ಐತೋ ಹುಚ್ಚಾ! ಹೆಸರ ಕೊಟ್ಟು ಬಂದೀವಿ. ನಡೂ ಅಖಾಡದಾಗ ಅದು ಹುಲ್ಲ ಮೇಯಾಕ ನಿಂತ್ರ ಮಾರಿ ಎಲ್ಲಿ ಇಟ್ಕೊಳ್ಳೂದು?"

"ಅದು ಓಡಿದ್ರ ಹಾನಗಲ್ಲಿಗೆ ಹೋಗತೈತಿ. ಓಡದಿದ್ರ ಮನ್ಯಾಗ ಇರತೈತಿ."

"ಮನ್ಯಾಗ ಇಟ್ಕೊಂಡು ಪೂಜಿ ಮಾಡ್ತೀಯೇನು?"

ಹೋದ ವರ್ಷವಾಗಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದೆ. ಇವತ್ತು ಯಾಕೋ ಉಮೇದಿರಲಿಲ್ಲ. "ಹೋಳಿಗಿ ಉಂಡು ಹೋಗು" ಎಂದೆ. ಉಣ್ಣದೆ ಹೋದ.

ಅಕ್ಟೋಬರ್ 9, ಗುರುವಾರ

ಬರೆಯಲು ಪುರುಸೊತ್ತಿಲ್ಲ. ಬೆಳಿಗ್ಗೆ ಸಂಜೆ ಎರಡೂ ಹೊತ್ತು ಇದೇ ಕೆಲಸ. ಹೊಲದ ಆಚೆ ಬದುವಿನ ಮೇಲೆ ಗಾಡಿ ನಿಲ್ಲಿಸಿ ಶುರು ಮಾಡುತ್ತೇನೆ. ಈಚೆ ಹಿತ್ತಲಲ್ಲಿ ನಿರ್ಮಲಾ ಹೋರಿಯ ಮುಂದೆ ಬೆಲ್ಲ ಹಿಡಿಯುತ್ತಾಳೆ. ಅದು ಬೆಲ್ಲ ಬಿಟ್ಟು ತಲೆ ಎತ್ತಿದರೆ ನಿರ್ಮಲಾ ಕೈ ಎತ್ತಬೇಕು, ನಾನು ಎಂಜಿನ್ ಬಂದ್ ಮಾಡಬೇಕು. ಎತ್ತದಿದ್ದರೆ ಮರುದಿನ ಸ್ವಲ್ಪ ಹತ್ತಿರ. ಅವಸರ ಮಾಡಿದ ದಿನ ಎಲ್ಲ ಹಾಳು. ಸೋಮವಾರ ನಾನು ಹೊಲದ ಬಾವಿಯಿಂದ ಒಮ್ಮೆಲೇ ಹಿತ್ತಲ ಬಣವೆಯ ತನಕ ಗಾಡಿ ತಂದೆ, ಮುತ್ತ ಮತ್ತೆ ಗೂಟ ಕಿತ್ತ. ಎರಡು ದಿನ ಹಿಂದೆ ಸರಿಯಬೇಕಾಯಿತು. ತಪ್ಪು ನನ್ನದೇ.

ಅವ್ವ ಕಿಟಕಿಯಿಂದ ನೋಡುತ್ತಾಳೆ. ಹೊರಗೆ ಬಾ ಎಂದರೆ "ಬಿಸಲೈತಿ" ಅನ್ನುತ್ತಾಳೆ. ಬಿಸಿಲೇನೂ ಇರಲಿಲ್ಲ.

ಅಕ್ಟೋಬರ್ 14, ಮಂಗಳವಾರ

ಪ್ಲಾಸ್ಟರ್ ತೆಗೆದರು. ಕೈ ತೆಳ್ಳಗಾಗಿದೆ, ಚರ್ಮ ಬಿಳಿಚಿದೆ. ಮನೆಗೆ ಬಂದವಳೇ ನೆಟ್ಟಗೆ ಮುತ್ತನ ಹತ್ತಿರ ಹೋದಳು. ಅವನು ಆ ಕೈಯನ್ನೇ ಹುಡುಕಿ ಮಣಿಕಟ್ಟಿನಿಂದ ಮೊಳಕೈ ತನಕ ನೆಕ್ಕಿದ. "ಇಷ್ಟ ದಿನಾ ಮಾಡೂದ ಮಾಡಿ ಈಗ ಲಲ್ಲೆ ಹೊಡೀತಿ, ಕಳ್ಳಾ" ಎಂದು ಅವ್ವ ಬೈದಳು.

ನಾನು ಗೋಡೆಯ ಕಡೆ ತಿರುಗಿ ಹಗ್ಗ ಸುತ್ತಿಟ್ಟೆ. ಆಗಲೇ ಸುತ್ತಿಯೇ ಇತ್ತು.

ಅಕ್ಟೋಬರ್ 17, ಶುಕ್ರವಾರ

ನಿರ್ಮಲಾ ಹಗ್ಗ ಹಿಡಿದಳು, ನಾನು ಮಾರುದ್ದದಲ್ಲಿ ಗಾಡಿ ದಾಟಿಸಿದೆ. ಮುತ್ತನ ಕಿವಿ ಮಾತ್ರ ತಿರುಗಿತು! ನಿರ್ಮಲಾ ಕುಣಿದುಬಿಟ್ಟಳು.

ಆಮೇಲೆ ಅವ್ವ ಹಗ್ಗ ಹಿಡಿದು ಕೆರೆಯ ತನಕ ಹೋಗಿ ಬಂದಳು. ಈಗ ಗಾಡಿ ತರಲೇ ಎಂದರೆ, "ರವಿವಾರ ಹೆಂಗೂ ಐತೆಲ್ಲ" ಎಂದು ಒಳಗೆ ನಡೆದಳು. ಅವಳಿಗೆ ಮುತ್ತನ ಮೇಲೆ ಅಷ್ಟು ನಂಬಿಕೆ. ಅಂಜಿಕೆ ಏನಿದ್ದರೂ ನನಗೇ. ಒಂದು ಸಲ ಬೆದರಿದರೆ ಮುಗಿಯಿತು, ಅವ್ವನ ಕೈಯೂ ಹೋಯಿತು, ಮುತ್ತನೂ ಹೋದ.

ಅಕ್ಟೋಬರ್ 19, ರವಿವಾರ

ಉದಯಕುಮಾರ ಊಟದ ಹೊತ್ತಿಗೇ ಟೆಂಪೋ ತೆಗೆದುಕೊಂಡು ಬಂದರು. ಒಳ್ಳೆಯ ಮನುಷ್ಯ. ಅದೇ ಕಷ್ಟ, ಬೈಯಲಿಕ್ಕೂ ಬರುವಂತಿಲ್ಲ. ಅಪ್ಪ ಅವರನ್ನು ಗುಡಿಯ ಕಟ್ಟೆಯ ಮೇಲೆ ಕೂರಿಸಿ ನನಗೆ ಕೈಸನ್ನೆ ಮಾಡಿದ.

ನಾನು ತಿರುವಿನಾಚೆ ಹೋಗಿ ಗಾಡಿ ಶುರು ಮಾಡಿದೆ. ತಿರುಗಿ ಬಂದರೆ ಎದುರಿಗೆ ಅವ್ವ, ಎಡಗೈಯಲ್ಲಿ ಹಗ್ಗ, ಪಕ್ಕದಲ್ಲಿ ಮುತ್ತ. ಅದೇ ದಾರಿ. ಸಣ್ಣ ಗೇರಿನಲ್ಲಿ ಹೊರಟೆ. ಮುತ್ತನ ಕಿವಿ ನನ್ನ ಕಡೆ ತಿರುಗಿತು. ಅವನು ನಿಂತ. ನನ್ನ ಕಣ್ಣು ಅವನ ಕಾಲುಗಳ ಮೇಲೇ ಇತ್ತು. ಒಂದು ಕಾಲೂ ಎತ್ತಲಿಲ್ಲ. ನಾನು ದಾಟಿದೆ.

ದಾಟುವಾಗ ಅವ್ವನನ್ನು ನೋಡಿದೆ.

ಅವಳು ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಕಣ್ಣು ಮುಚ್ಚಿದ್ದವು. ಎರಡೂ ಕೈ ಕಿವಿಯ ಮೇಲೆ. ಹಗ್ಗ ಯಾವಾಗಲೋ ಕೈ ಬಿಟ್ಟು ಮಣ್ಣಿಗೆ ಬಿದ್ದಿತ್ತು. ಅವಳ ಮೈ, ಅವತ್ತು ಕೀಲಿ ಬಿದ್ದಾಗ ಮುತ್ತನ ಮೈ ನಡುಗಿತಲ್ಲ, ಹಾಗೇ ನಡುಗುತ್ತಿತ್ತು. ಯಾರೂ ಹಿಡಿಯದ ಮುತ್ತ ಅವಳ ಪಕ್ಕ ಸುಮ್ಮನೆ ನಿಂತಿದ್ದ.

ಕಟ್ಟೆಯ ಮೇಲಿದ್ದವರು ಹೋರಿಯನ್ನಷ್ಟೇ ನೋಡಿದರು. ಅಪ್ಪ ಎದ್ದು, "ಮಾರೂದಿಲ್ರಿ, ತಪ್ಪ ತಿಳ್ಕೋಬ್ಯಾಡ್ರಿ" ಎಂದ. ಉದಯಕುಮಾರ ನಕ್ಕು, "ಇಷ್ಟ ಸಾಧು ಆದ ಹೋರಿ ನನಗ್ಯಾಕ್ರಿ? ನಿಮ್ಮಲ್ಲೇ ಇರಲಿ" ಎಂದರು. ನಿರ್ಮಲಾ ಚಪ್ಪಾಳೆ ಹೊಡೆದಳು. ಅಪ್ಪ ನನ್ನ ಬೆನ್ನು ತಟ್ಟಿದ, ನೆನಪಿರುವ ಮಟ್ಟಿಗೆ ಮೊದಲ ಸಲ. ನನಗೆ ಅದ್ಯಾವುದೂ ಮೈಗೆ ಹತ್ತಲಿಲ್ಲ.

ಸಂಜೆ ಅವ್ವ ಹಿತ್ತಲಲ್ಲಿ ಒಬ್ಬಳೇ ಸಿಕ್ಕಳು.

"ಹೋರಿ ಅಂಜಲಿಲ್ಲ. ನೀ ಯಾಕ ಅಂಜಿದಿ?"

"ನಾ ಎಲ್ಲಿ ಅಂಜಿದೆ?"

"ನಾ ನೋಡಿದೆ ಅವ್ವಾ."

ಅವಳು ಮುತ್ತನ ಮೈಮೇಲಿನ ಹುಲ್ಲು ಒಂದೊಂದಾಗಿ ಆರಿಸಿದಳು.

"ನೀ ಆ ಸೈಲೆನ್ಸರ್ ಹಾಕಿಸ್ಕೊಂಡ ಬಂದ ದಿನದಿಂದ ಹಿಂಗ ಐತೋ. ದೂರದಿಂದ ಸಪ್ಪಳ ಕೇಳಿದ್ರ ಸಾಕು, ಎದಿ ಹೊಡಕೋತಿತ್ತು. ಈಗ ಗಾಡಿ ಸಣ್ಣಗ ಆಗೇತಿ. ಅಂಜಿಕಿ ಸಣ್ಣಗ ಆಗಿಲ್ಲ."

"ಹೇಳಬಾರದೇನು?"

"ನಿನಗ ಅದರ ಮ್ಯಾಲ ಎಷ್ಟ ಪ್ರೀತಿ ಇತ್ತು. ಮುತ್ತ ಗೂಟ ಕಿತ್ತ, ಎಲ್ಲಾರಿಗೂ ಗೊತ್ತಾತು. ನಾ ಏನ ಕೀಳ್ಲೋ?"

ನನಗೆ ಅಳು ಬಂತು. ಬಂದದ್ದನ್ನು ಬರೆಯಲು ನಾಚಿಕೆ ಏನಿದೆ. ಗಾಡಿ ಮಾರುತ್ತೇನೆ ಎಂದೆ.

"ಮಾರಿ ನಡಕೊಂತ ಮುಂಡಗೋಡಕ್ಕ ಹೋಗ್ತೀಯೇನು? ಊರಾಗ ಬ್ಯಾರೆ ಗಾಡಿನೂ ಅದಾವು, ನಾ ದಾರಿ ಬಿಟ್ಟು ಎಲ್ಲಿಗೆ ಹೋಗ್ಲಿ?" ಎಂದಳು. ಸೆರಗಿನಿಂದ ನನ್ನ ಮುಖ ಒರೆಸಿದಳು. "ಮುತ್ತಗ ಮಾಡಿದ್ಯಲ್ಲ, ಹಂಗ ಮಾಡು. ದೂರಿಂದ ಚಾಲೂ ಮಾಡು. ಬೆಲ್ಲ ಮಾತ್ರ ಬ್ಯಾಡಪ್ಪಾ, ಶುಗರ್ ಐತಿ ನನಗ."

ಅಕ್ಟೋಬರ್ 22, ಬುಧವಾರ

ಪಾ‌ಡ್ಯ. ಊರಿಗೆ ಊರೇ ಹೋರಿ ನೋಡಲು ಹೋಗಿದೆ. ಸಿದ್ದಲಿಂಗ ಬೆಳಿಗ್ಗೆ ಬಂದು ಕೊನೆಯ ಸಲ ಕೇಳಿದ. ಇವತ್ತು ಮನೆಯಲ್ಲಿ ಕೆಲಸವಿದೆ ಎಂದೆ. ಈ ಸಲ ಹೋಳಿಗೆ ಉಂಡು ಹೋದ.

ಓಣಿ ಖಾಲಿಯಾದ ಮೇಲೆ ಗಾಡಿಯನ್ನು ತಳ್ಳಿಕೊಂಡು ಆಚೆ ಬದುವಿಗೆ ಹೋದೆ. ಅವ್ವ ಹಿತ್ತಲ ಕಟ್ಟೆಯ ಮೇಲೆ ಕೂತಳು, ಒಂದು ಕೈ ಮುತ್ತನ ಹೆಗಲ ಮೇಲೆ. ಇಷ್ಟು ದೂರದಿಂದ ಅವಳ ಮುಖ ಕಾಣುವುದಿಲ್ಲ, ಸೀರೆಯ ಹಸಿರಷ್ಟೇ. ಶುರು ಮಾಡಲೇ ಎಂದು ಕೂಗಿ ಕೇಳಿದೆ. ಮಾಡು ಎಂದಳು.

ಮಾಡಿದೆ. ಆ್ಯಕ್ಸಿಲರೇಟರ್ ಮುಟ್ಟಲಿಲ್ಲ. ಮುತ್ತ ಮೆಲುಕು ಹಾಕುತ್ತಲೇ ಇದ್ದ. ಸ್ವಲ್ಪ ಹೊತ್ತಿಗೆ ಅವ್ವನ ಇನ್ನೊಂದು ಕೈ ಮೇಲೆದ್ದಿತು.

ಎಂಜಿನ್ ಬಂದ್ ಮಾಡಿ ಕೆಳಗಿಳಿದೆ. ಅವಳು ಕೈ ಇಳಿಸುವ ತನಕ ಅಲ್ಲೇ ನಿಂತೆ.